ಕೈ ಆಕೆಯದು, ಬಾಯಿ ನನ್ನದು

ನಾನು ಇಂಜಿನಿಯರ್ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ನನಗೂ ಹಗುರ, ಕೇಳುವುದು ನಿಮಗೂ ಹಗುರ. ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ವಿಚಾರಿಸಿದರೂ ‘ಇಂಜಿನಿಯರ್ ಸಾಹೇಬ್ರ ಆಫೀಸಾ? ಅಲ್ಲೇ, ಜಿರಾಕ್ಸ್ ಅಂಗಡಿ ಮ್ಯಾಲ’ ಎಂದು ಕೈ ತೋರಿಸುತ್ತಿದ್ದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗಣಿತ ಎರಡನೆಯ ಸಲಕ್ಕೆ ಪಾಸಾಯಿತು. ಆಮೇಲೆ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿದೆ. ಟ್ರೇಸರ್ ಎಂದರೆ, ಸಾಹೇಬರು ಬರೆದ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಗೆರೆ ಎಳೆಯುವವನು. ಗೆರೆ ಅಲ್ಲಿ ಯಾಕಿದೆ ಎಂದು ಕೇಳುವುದು ನನ್ನ ಕೆಲಸವಾಗಿರಲಿಲ್ಲ. ಕೈ ನಡುಗದಿದ್ದರೆ ಸಾಕಿತ್ತು.

ಕೈ ಚೆನ್ನಾಗಿತ್ತು, ಬಾಯಿ ಅದಕ್ಕಿಂತ ಚೆನ್ನಾಗಿತ್ತು. ಕಚೇರಿ ಬಿಟ್ಟು ಸ್ವಂತ ಪ್ಲಾನ್ ಆಫೀಸು ತೆರೆದೆ. ಸಹಿ ಹಾಕಲು ಜೇವರ್ಗಿಯಲ್ಲಿ ಒಬ್ಬ ನಿವೃತ್ತ ಇಂಜಿನಿಯರರಿದ್ದರು. ಅವರು ಸಹಿ ಹಾಕಿ ಮಧ್ಯಾಹ್ನದ ನಿದ್ದೆಗೆ ಹೋಗುತ್ತಿದ್ದರು. ಉಳಿದದ್ದೆಲ್ಲ ನನ್ನ ಬಾಯಿಯ ಕೆಲಸ. ಮನೆ ಕಟ್ಟಲು ಹೊರಟವನಿಗೆ ನಕ್ಷೆಗಿಂತ ಧೈರ್ಯ ಹೆಚ್ಚು ಬೇಕು, ಅದನ್ನು ನಾನು ಧಾರಾಳವಾಗಿ ಕೊಡುತ್ತಿದ್ದೆ. ಜನ ‘ಇಂಜಿನಿಯರ್ ಸಾಹೇಬ್ರ’ ಎಂದು ಕರೆಯತೊಡಗಿದಾಗ ಮೊದಮೊದಲು ‘ನಾ ಇಂಜಿನಿಯರ್ ಅಲ್ರಿ’ ಅಂದದ್ದುಂಟು. ‘ಬಿಡ್ರಿ ಸಾಹೇಬ್ರ, ದೊಡ್ಡೋರು ಹಂಗೇ ಅಂತಾರ’ ಎಂದರು. ಆಮೇಲೆ ನಾನೂ ಬಿಟ್ಟೆ.

ಹೀಗೆ ಬಹಳ ವರ್ಷ ನಡೆಯಿತು. ಆಮೇಲೆ ಕಂಪ್ಯೂಟರ್ ಬಂತು. ಪುರಸಭೆಯವರು ಕೈಯಿಂದ ಬರೆದ ನಕ್ಷೆಯನ್ನು ಮೂಸಿಯೂ ನೋಡದಂತಾದರು. ನನ್ನ ಕೈಗೆ ಕೆಲಸ ಹೋಯಿತು, ಬಾಯಿಯೊಂದೇ ಉಳಿಯಿತು. ಆ ಹೊತ್ತಿಗೆ ಸರಿಯಾಗಿ ಆಳಂದದ ಒಬ್ಬ ಗೌಂಡಿ ಬಂದ. ನಾನು ನಕ್ಷೆ ಹಾಕಿಸಿದ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದವನು ಅವನು. ಗಿಲಾಯಿ, ಅಂದರೆ ಗಾರೆ, ಮಾಡಿದರೆ ಗೋಡೆ ಕನ್ನಡಿಯ ಹಾಗೆ ಇರುತ್ತಿತ್ತು. ಮಾತು ಮಾತ್ರ ಬಹಳ ಕಡಿಮೆ.

‘ಸಾಹೇಬ್ರ, ನನ್ನ ಮಗಳು ಕಲಬುರಗ್ಯಾಗ ಆರ್ಕಿಟೆಕ್ಟ್ ಓದಿ ಮುಗಿಸ್ಯಾಳ. ಇಲ್ಲೇ ಆಕಿ ಅಕ್ಕನ ಮನಿ ಅದ. ನಿಮ್ಮ ಹಂತ್ಯಾಕ ಸ್ವಲ್ಪ ದಿನ ಕೆಲಸ ಮಾಡ್ಲಿ.’

ಅವನ ಹಿಂದೆ ನಿಂತಿದ್ದ ಹುಡುಗಿ ನಮಸ್ಕಾರ ಮಾಡಿದಳು. ತಲೆಯ ಮೇಲೆ ದುಪಟ್ಟಾ, ಹೆಗಲಿಗೆ ಉದ್ದನೆಯ ನಕ್ಷೆ ಕೊಳವೆ. ನನಗೆ ಆರ್ಕಿಟೆಕ್ಟ್ ಎಂಬ ಮಾತು ಗೊತ್ತಿತ್ತು. ಆದರೆ ಅಂಥವರನ್ನು ನಮ್ಮ ತಾಲೂಕುಗಳಲ್ಲಿ ಕಂಡವನಲ್ಲ.

‘ಬೇಟಿ, ಆರ್ಕಿಟೆಕ್ಟ್ ಅಂದ್ರ ಇಂಜಿನಿಯರಿಗಿಂತ ಮ್ಯಾಲೋ ಕೆಳಗೋ?’ ಎಂದು ಕೇಳಿದೆ.

‘ಬಾಜೂಕ, ಕಾಕಾ.’

‘ಬಾಜೂಕ ಕುಂತು ಏನ್ ಮಾಡ್ತಾರ?’

‘ಮನಿ ಬೀಳಬಾರದು ಅಂತ ಇಂಜಿನಿಯರ್ ನೋಡ್ತಾನ. ಮನಿಯಾಗ ಇರೋರು ಹೈರಾಣ ಆಗಬಾರದು ಅಂತ ನಾವು ನೋಡ್ತೀವಿ.’

ಗೌಂಡಿ ಮಗಳ ಕಡೆ ನೋಡಿ ಸಣ್ಣಗೆ ನಕ್ಕ. ಅವನು ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಹುಡುಗಿಯ ಕೆಲಸ ನೋಡಿ ನಾನು ಬೆರಗಾದೆ. ಗಿರಾಕಿಯ ಮನೆಗೆ ಹೋದರೆ ಜಾಗ ಅಳೆಯುವ ಮೊದಲು ಅಡುಗೆ ಮನೆಗೆ ಹೋಗಿ ಕೂರುತ್ತಿದ್ದಳು. ನೀರು ಎಲ್ಲಿಂದ ಹೊತ್ತು ತರುತ್ತೀರಿ, ಮುದುಕರು ಎಲ್ಲಿ ಮಲಗುತ್ತಾರೆ, ಬೇಸಿಗೆಯಲ್ಲಿ ಮಧ್ಯಾಹ್ನ ಎಲ್ಲಿ ಕೂರುತ್ತೀರಿ ಎಂದು ವಿಚಾರಿಸುತ್ತಿದ್ದಳು. ನಮ್ಮ ಬಿಸಿಲು ಗೊತ್ತಲ್ಲ, ಅದರ ಜೊತೆ ಜಗಳ ಆಡದೆ ಅದನ್ನು ಹೊರಗೇ ನಿಲ್ಲಿಸುವ ಮನೆ ಬರೆಯುತ್ತಿದ್ದಳು. ತೊಂದರೆ ಇದ್ದದ್ದು ಬೇರೆ ಕಡೆ. ಆಕೆ ಏನು ಕೆಲಸದವಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಚೀಲ ಹಾಕಿಕೊಂಡು ಊರಿಗೆ ಬರುವ ಹೆಣ್ಣುಮಗಳು ಎಂದರೆ ಸಾಲಿಯ ಅಕ್ಕೋರು, ಇಲ್ಲವೇ ದವಾಖಾನೆಯವರು. ಒಬ್ಬ ರೈತ ‘ಅಕ್ಕೋರ, ನಮ್ಮ ಹುಡುಗ ಓದ್ತಾನ ಇಲ್ರೀ?’ ಎಂದು ಕೇಳಿದ. ಘತ್ತರಗಿ ದಾರಿಯ ಒಂದು ಮನೆಯಲ್ಲಿ, ಟೇಪು ಹಿಡಿದು ನಿಂತ ಆಕೆಯ ಮುಂದೆ ಮನೆಯೊಡತಿ ಕೂಸನ್ನು ಎತ್ತಿ ತಂದು, ಎರಡು ಬೆರಳಿನಿಂದ ಅದರ ಬಾಯಿ ತೆರೆಸಿ ಹಿಡಿದಳು. ಪೋಲಿಯೋ ಹನಿ ಹಾಕಲಿ ಎಂದು.

ಆ ದಿನ ವಾಪಸು ಬರುವಾಗ ಇಬ್ಬರೂ ದಾರಿಯುದ್ದಕ್ಕೂ ನಕ್ಕೆವು. ಆಕೆ ಸ್ಕೂಟಿ ಓಡಿಸುತ್ತಿದ್ದಳು, ನಾನು ಹಿಂದೆ ಕುಳಿತಿದ್ದೆ. ನಗು ಮುಗಿದ ಮೇಲೆ ನಾನು ಒಂದು ಮಾತು ಹೇಳಿದೆ. ಬುದ್ಧಿವಂತಿಕೆಯ ಮಾತೆಂದೇ ಹೇಳಿದೆ.

‘ನೋಡು ಬೇಟಿ, ಮಂದಿ ಇನ್ನ ನಿನ್ನಷ್ಟು ಓದಿಲ್ಲ. ಹಿಂಗ ಮಾಡೂಣು. ಕೈ ನಿಂದು, ಬಾಯಿ ನಂದು. ಆಫೀಸು ಚಂದ ನಡೀತದ.’

‘ಎಷ್ಟು ದಿವ್ಸ, ಕಾಕಾ?’

‘ಮಂದಿಗಿ ರೂಢಿ ಆಗೋತನಾ.’

‘ನಾ ಬಾಯಿ ಮುಚ್ಚಿಕೊಂಡಿದ್ರ ಮಂದಿಗಿ ರೂಢಿ ಹ್ಯಾಂಗ ಆಗ್ತದ?’

‘ಭಾಳ ಶಾಣ್ಯಾಕಿ ಅದಿ ಬಿಡು’ ಎಂದು ಬೆನ್ನು ತಟ್ಟಿದೆ. ಹೊಗಳಿ ಪ್ರಶ್ನೆಯನ್ನು ಮುಗಿಸಿಬಿಡುವ ಕಲೆ ನನಗೆ ಚೆನ್ನಾಗಿ ಬರುತ್ತಿತ್ತು.

ಆಫೀಸು ನಿಜವಾಗಿಯೂ ಚೆಂದ ನಡೆಯಿತು. ದಾರಿಯಲ್ಲಿ ಆಕೆ ನನಗೆ ಪಾಠ ಹೇಳುತ್ತಿದ್ದಳು. ಕಿಟಕಿ ಎದುರು ಕಿಟಕಿ ಯಾಕಿದೆ, ಮೆಟ್ಟಿಲಿನ ಕೆಳಗೆ ಯಾಕೆ ಖಾಲಿ ಬಿಟ್ಟಿದೆ, ಇಂಥವು. ನಾನು ಇಳಿದು ಒಳಗೆ ಹೋಗಿ ಅದನ್ನೇ ನನ್ನ ಮಸಾಲೆ ಹಾಕಿ ಒಪ್ಪಿಸುತ್ತಿದ್ದೆ. ಗಾಣಗಾಪುರದ ಒಬ್ಬ ಲಾಡ್ಜಿನ ಮಾಲೀಕರು ‘ಸಾಹೇಬ್ರ, ಈ ವಯಸ್ಸಿನಾಗೂ ಹೊಸಾ ತಲಿ ಅದ ನಿಮ್ದು’ ಎಂದಾಗ ನಾನು ತಲೆ ಸವರಿಕೊಂಡೆ. ಆಕೆ ಹೊರಗೆ ಸ್ಕೂಟಿಯ ಹತ್ತಿರ ನಿಂತಿದ್ದಳು. ಹೊರಗೆ ಬಂದು ‘ನಮ್ಮ ಪ್ಲಾನ್ ಒಪ್ಪಿದ್ರು’ ಎಂದೆ. ಒಳಗೆ ‘ನನ್ನ ಪ್ಲಾನ್’, ಹೊರಗೆ ‘ನಮ್ಮ ಪ್ಲಾನ್’. ಬಾಗಿಲು ದಾಟುವಷ್ಟರಲ್ಲಿ ಮಾತು ತಾನಾಗಿಯೇ ಬದಲಾಗುತ್ತಿತ್ತು, ನನಗೆ ಪ್ರಯಾಸವೇ ಇರಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಅಫಜಲಪುರದಲ್ಲಿ ಒಬ್ಬ ತೊಗರಿ ವ್ಯಾಪಾರಿ ಮದುವೆಗಳಿಗಾಗಿ ಫಂಕ್ಷನ್ ಹಾಲ್ ಕಟ್ಟಿಸಲು ಹೊರಟರು. ಅಷ್ಟು ದೊಡ್ಡ ಕೆಲಸ ನಮಗೆ ಅದೇ ಮೊದಲು. ಹುಡುಗಿ ಊಟ ನಿದ್ದೆ ಬಿಟ್ಟು ನಕ್ಷೆ ಬರೆದಳು. ಮದುಮಗಳ ಕೋಣೆಯ ಪಕ್ಕದಲ್ಲಿ ಹೆಂಗಸರಿಗೆ ಬೇರೆಯಾಗಿ ಸಂಡಾಸು, ಕೈ ತೊಳೆಯಲು ನೀರು, ಕೂಸುಗಳಿಗೆ ಹಾಲು ಕುಡಿಸಲು ಒಂದು ಮೂಲೆ. ಅಲ್ಲಿಗೆ ಹೋಗಲು ಒಂದು ಸಂದಿ. ಆ ಸಂದಿ ನೇರವಾಗಿ ಹೋಗದೆ ನಡುವೆ ಒಮ್ಮೆ ತಿರುಗಿಕೊಳ್ಳುತ್ತಿತ್ತು.

ನಕ್ಷೆ ತೋರಿಸಲು ವ್ಯಾಪಾರಿಯ ಅಡತಿ ಅಂಗಡಿಗೆ ಹೋದೆವು. ‘ಒಳಗ ಬರೇ ಗಂಡಸ್ರು, ಹಮಾಲ್ರು. ನೀ ಇಲ್ಲೇ ನಿಂದರು’ ಎಂದು ಆಕೆಯನ್ನು ಹೊರಗೆ ಬಿಟ್ಟು ನಾನು ಒಳಗೆ ಹೋದೆ. ವ್ಯಾಪಾರಿ ತೊಗರಿ ಚೀಲದ ಮೇಲೆ ನಕ್ಷೆ ಹರಡಿ ಬೆರಳಾಡಿಸಿದರು. ಬೆರಳು ಸಂದಿಯ ಹತ್ತಿರ ಬಂದು ನಿಂತಿತು.

‘ಇದು ಯಾಕ್ರಿ ಹಿಂಗ ಮುರಕೊಂಡದ?’

ನನಗೆ ಗೊತ್ತಿರಲಿಲ್ಲ. ಬರುವ ದಾರಿಯಲ್ಲಿ ಆಕೆ ಹೇಳುತ್ತಿದ್ದಾಗ ನಾನು ಎದುರಿಗೆ ಬಂದ ಪರಿಚಯದವನಿಗೆ ಕೈ ಬೀಸುತ್ತಿದ್ದೆ. ಆಕೆ ಹತ್ತು ಹೆಜ್ಜೆಯ ಆಚೆಗೆ ಬಿಸಿಲಲ್ಲಿ ನಿಂತಿದ್ದಳು. ‘ಕೇಳಿ ಹೇಳ್ತೀನ್ರಿ’ ಎಂದರೆ ಸಾಕಾಗಿತ್ತು. ಆದರೆ ಇಂಜಿನಿಯರ್ ಸಾಹೇಬರು ತಮ್ಮ ಪ್ಲಾನನ್ನು ಹೊರಗೆ ನಿಂತ ಹುಡುಗಿಯನ್ನು ಕೇಳಿ ಹೇಳುವುದು ಹೇಗೆ?

‘ಅದು ಡಿಸೈನ್ ಅದ್ರಿ’ ಎಂದೆ.

‘ಡಿಸೈನ್ ಅಂದ್ರ? ತಗದ್ರ ನಡೀತದ?’

‘ನಡೀತದ್ರಿ.’

‘ಹಂಗಾದ್ರ ಈ ಸಂದಿ, ಈ ಸಂಡಾಸ ಎಲ್ಲಾ ತಗೀರಿ. ಇದು ರೋಡಿನ ಬಾಜೂ, ಇಲ್ಲಿ ಅಂಗಡಿ ಹಾಕಸೂಣು. ಎಲ್ಲಾರಿಗೂ ಹಿಂದ ಅಡಗಿ ಜಾಗದ ಹಂತ್ಯಾಕ ಒಂದೇ ಸಾಲು ಇದ್ರ ಸಾಕು.’

‘ಸಾಕ್ರಿ’ ಎಂದೆ.

ಹೊರಗೆ ಬಂದಾಗ ಆಕೆಯ ಮುಖ ಅರಳಿತ್ತು. ‘ಒಪ್ಪಿದ್ರಾ, ಕಾಕಾ?’

‘ಒಪ್ಪಿದ್ರು. ಒಂದು ಸಣ್ಣ ಬದಲಾವಣಿ.’ ಏನೆಂದು ಹೇಳಿದೆ.

‘ನಕ್ಕೋ ಕಾಕಾ, ಅದೊಂದು ತಗೀಬ್ಯಾಡ್ರಿ. ಸಂದಿ ಯಾಕ ತಿರುಗಿಸೀನಿ ಅಂತ ಅವ್ರಿಗಿ ಹೇಳಿದ್ರಿಲ್ಲ?’

‘ಹೇಳ್ದೆ, ಹೇಳ್ದೆ.’

‘ಏನಂತ ಹೇಳಿದ್ರಿ?’

‘ಬಿಸಲು ನೋಡು ಎಷ್ಟದ. ಗಾಡಿ ಚಾಲೂ ಮಾಡು ಮೊದಲ.’

ಮರುದಿನ ಆಕೆಯ ಕೈಯಿಂದಲೇ ಅದನ್ನು ಅಳಿಸಿ ಹಾಕಿಸಿದೆ. ಕಂಪ್ಯೂಟರಿನಲ್ಲಿ ಅಳಿಸಿದರೆ ರಬ್ಬರಿನ ಪುಡಿಯೂ ಉಳಿಯುವುದಿಲ್ಲ. ‘ಇನ್ನೊಮ್ಮೆ ಯೋಚನಿ ಮಾಡ್ರಿ’ ಎಂದಳು. ನಾನು ಚಹಾ ತರಿಸಿದೆ.

ಹಾಲ್ ಎದ್ದು ನಿಂತಿತು. ನಮ್ಮ ಕಡೆ ವಾಸ್ತುಶಾಂತಿಯ ದಿನ ಗೌಂಡಿಗೂ ಪ್ಲಾನ್ ಹಾಕಿದವನಿಗೂ ರುಮಾಲು ಸುತ್ತಿ ಮರ್ಯಾದೆ ಮಾಡುವುದುಂಟು. ‘ಪ್ಲಾನ್ ಹಾಕಿದೋರು ಬರ್ರಿ’ ಎಂದು ಮೈಕಿನಲ್ಲಿ ಕೂಗಿದರು. ನಾನು ಹೋಗಿ ತಲೆ ಬಗ್ಗಿಸಿದೆ. ಜರಿ ಅಂಚಿನ ಗುಲಾಬಿ ರುಮಾಲು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಹುಡುಗಿಗೆ ಮನೆಯವರು ಬಂದ ಹೆಣ್ಣುಮಕ್ಕಳಿಗೆಲ್ಲ ಕೊಡುವ ಹಾಗೆ ಒಂದು ಕುಬಸದ ಬಟ್ಟೆ, ಒಂದು ತೆಂಗಿನಕಾಯಿ ಕೊಟ್ಟರು. ಆಕೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದಳು. ರುಮಾಲು ಕಣ್ಣಿನ ಮೇಲೆ ಇಳಿದಿತ್ತು, ನಾನು ಸರಿಯಾಗಿ ನೋಡಲಿಲ್ಲ ಎಂದುಕೊಳ್ಳುವುದಕ್ಕೆ ಅದು ಅನುಕೂಲವಾಯಿತು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮಂದಿ ಮಾಡಿದ ಕೆಲಸದ ರುಮಾಲಿಗೆ ತಮ್ಮ ತಲೆ ಒಡ್ಡಿದವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ, ನಾನೊಬ್ಬನೇ ಅಲ್ಲ.

ಮದುವೆಯ ಸುಗ್ಗಿ ಬಂತು. ಹಿಂದಿನ ಸಂಡಾಸಿಗೆ ಹೋಗಬೇಕೆಂದರೆ ಊಟಕ್ಕೆ ಕುಳಿತ ಗಂಡಸರ ಪಂಕ್ತಿಯನ್ನು ದಾಟಿ, ಒಲೆಗಳನ್ನೂ ಅಡುಗೆಯವರನ್ನೂ ದಾಟಿ ಹೋಗಬೇಕಿತ್ತು. ಹೆಂಗಸರು ಹೋಗದೆ ತಡೆದುಕೊಂಡು ಕೂರುತ್ತಿದ್ದರು. ಒಂದು ಮದುವೆಗೆ ಆ ಹುಡುಗಿಯ ಅಕ್ಕನೇ ಬಂದಿದ್ದಳು, ತುಂಬಿದ ಬಸುರಿ. ಆಕೆ ಅರ್ಧ ದಾರಿ ಹೋಗಿ, ಅಷ್ಟು ಗಂಡಸರ ಕಣ್ಣು ನೋಡಿ ತಿರುಗಿ ಬಂದು, ರಸ್ತೆ ದಾಟಿ ಗುರುತಿಲ್ಲದ ಒಂದು ಮನೆಯ ಬಾಗಿಲು ಬಡಿಯಬೇಕಾಯಿತು. ಅದನ್ನು ಕಂಡ ಹೆಂಗಸರೆಲ್ಲ ಸೇರಿ ವ್ಯಾಪಾರಿಯ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡರು. ಹೆಂಡತಿ ಗಂಡನನ್ನು ತೆಗೆದುಕೊಂಡಳು. ಗಂಡ ನನ್ನನ್ನು ಕರೆಸಿದರು.

ಅಡತಿ ಅಂಗಡಿಯ ತುಂಬ ಜನ. ತಕ್ಕಡಿ ಕೂಡ ನಿಂತಿತ್ತು.

‘ಏನ್ರಿ ಸಾಹೇಬ್ರ, ಹೆಣ್ಮಕ್ಕಳು ನನಗ ಊರು ಬಿಡಸಾಕತ್ತಾರ. ಯಾರ ಪ್ಲಾನ್ರಿ ಇದು?’

ತಾವೇ ತೆಗೆಸಿದ್ದು ಅವರಿಗೆ ಮರೆತಿತ್ತೋ, ಮರೆಯುವುದು ಅನುಕೂಲವಾಗಿತ್ತೋ. ನೆನಪು ಮಾಡಿಕೊಡುವ ಧೈರ್ಯ ನನಗಿರಲಿಲ್ಲ, ಯಾಕೆಂದರೆ ‘ಸಾಕ್ರಿ’ ಎಂದವನು ನಾನು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಬಾಯಿ ಹೇಳಿತು:

‘ಪ್ಲಾನ್ ಹಾಕಿದಾಕಿ ನಮ್ಮ ಆಫೀಸಿನ ಹುಡುಗಿ ಅದ್ರಿ. ಹೊಸಾಕಿ. ಆಳಂದದ ಗೌಂಡಿ ಮಗಳು.’

ಅಷ್ಟು ದಿನ ಹೇಳಬೇಕಾದ ಕಡೆಯಲ್ಲೆಲ್ಲ ಹೇಳದೆ ನುಂಗಿದ ಮಾತನ್ನು, ಹೇಳಬಾರದ ಒಂದು ಕಡೆ ಉಗುಳಿದೆ. ರುಮಾಲು ನನಗೆ, ಬೈಗುಳ ಆಕೆಗೆ.

‘ಹೆಣ್ಣಾಗಿ ಹೆಣ್ಮಕ್ಕಳ ಸಂಡಾಸ ಮರತಾಳಲ್ರಿ’ ಎಂದು ಒಬ್ಬ ನಕ್ಕ. ಇನ್ನೊಬ್ಬ ‘ಅದಕ್ಕ ಅಂತಾರ, ಇದು ಹೆಣ್ಮಕ್ಕಳ ಕೆಲಸ ಅಲ್ಲ’ ಎಂದ. ಆ ಮಾತು ಸಂಜೆಯ ಬಸ್ಸಿಗೆ ಆಳಂದಕ್ಕೆ ಹೋಯಿತು, ಮರುದಿನದ ಬಸ್ಸಿಗೆ ಜೇವರ್ಗಿಗೆ. ಅಂಥ ಮಾತಿಗೆ ಟಿಕೀಟು ಬೇಕಾಗಿಲ್ಲ.

ಎರಡನೆಯ ದಿನ ಹುಡುಗಿ ಬಂದು ಆಫೀಸಿನ ಕೀಲಿ ಮೇಜಿನ ಮೇಲೆ ಇಟ್ಟಳು.

‘ಸಾಹೇಬ್ರ, ಕೀಲಿ.’

ಅಲ್ಲಿಯವರೆಗೆ ನಾನು ಕಾಕಾ ಆಗಿದ್ದೆ.

‘ಬೇಟಿ, ಊರ ಮಾತು. ನಾಕು ದಿನ ಆಡ್ತಾರ, ಬಿಡ್ತಾರ.’

‘ಊರ ಮಾತಲ್ರಿ. ನಿಮ್ಮ ಮಾತು’ ಎಂದಳು. ಕೂಗಾಡಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ, ಅದರ ಮೇಲಿನ ಬಟ್ಟೆ ಸರಿಯಾಗಿ ಹೊದಿಸಿ ಹೋದಳು.

ಆಕೆ ಜೇವರ್ಗಿಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ಸ್ವಂತ ಬೋರ್ಡು ಹಾಕಿದಳೆಂದು ಕೇಳಿದೆ. ಹೆಸರು, ಅದರ ಕೆಳಗೆ ‘ಆರ್ಕಿಟೆಕ್ಟ್’. ನನ್ನ ಆಫೀಸು ತಾನಾಗಿಯೇ ಸೊರಗಿತು. ಹೇಳಿಕೊಡುವವರಿಲ್ಲದೆ ನನ್ನ ಬಾಯಲ್ಲಿ ಹೊಸದೇನೂ ಹುಟ್ಟಲಿಲ್ಲ. ಆದರೆ ಆಕೆಗೂ ಕೆಲಸ ಸಿಗುತ್ತಿರಲಿಲ್ಲ. ಯಾರಾದರೂ ನಕ್ಷೆ ಕೇಳಲು ಬಂದರೆ, ಅವರ ಹಿಂದೆಯೇ ಆ ಮಾತೂ ಬರುತ್ತಿತ್ತು: ‘ಸಂಡಾಸ ಮರತಾಕಿ ಅಲ್ಲೇನು?’ ಒಂದು ದಿನ ಸಂತೆಯಲ್ಲಿ ಆಕೆಯ ಅಕ್ಕ ಎದುರಾದಳು. ಕಂಕುಳಲ್ಲಿ ಕೂಸು. ಮುಖ ತಿರುಗಿಸುತ್ತಾಳೆ ಎಂದುಕೊಂಡೆ, ತಿರುಗಿಸಲಿಲ್ಲ. ‘ಜೇವರ್ಗ್ಯಾಗ ಹುಡುಗೇರ ಹಾಸ್ಟೆಲ್ ಪ್ಲಾನ್ ಕೊಟ್ಟಾಳ್ರಿ. ಅದು ಸಿಗಲಿಲ್ಲಂದ್ರ ಬೋರ್ಡ್ ಇಳಿಸ್ತೀನಿ ಅಂತಾಳ. ನಿಮಗ ಗೊತ್ತಿರಲಿ ಅಂತ ಹೇಳ್ದೆ’ ಎಂದು ಹೇಳಿ ಬದನೆಕಾಯಿ ಆರಿಸಲು ಹೋದಳು.

ಅದಾದ ಸ್ವಲ್ಪ ದಿನಕ್ಕೆ ಜೇವರ್ಗಿಯಿಂದ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಫೋನು ಬಂತು. ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗಿಯರಿಗೆ ಒಂದು ಹಾಸ್ಟೆಲ್ ಕಟ್ಟಲು ಕೆಲವರು ಸೇರಿ ಕಮಿಟಿ ಮಾಡಿದ್ದರು. ಮಾಸ್ತರರೇ ಅದರ ಅಧ್ಯಕ್ಷರು.

‘ಸಾಹೇಬ್ರ, ಆ ಹುಡುಗಿ ಪ್ಲಾನ್ ಚಂದ ಮಾಡ್ಯಾಳ. ಆದ್ರ ಅಫಜಲಪುರದ ಮಾತು ನಮಗೂ ಬಂದದ. ಹುಡುಗೇರ ಹಾಸ್ಟೆಲ್ ಅದರಿ, ಅದನ್ನೇ ಮರತ್ರ ಹ್ಯಾಂಗ? ನೀವು ಬಂದು ಒಂದು ಮಾತು ಹೇಳ್ರಿ. ಇಲ್ಲಂದ್ರ ಬ್ಯಾರೇದವ್ರಿಗಿ ಕೊಡ್ತೀವಿ.’

ಬಸ್ಸಿನಲ್ಲಿ ಮಾತನ್ನು ಮತ್ತೆ ಮತ್ತೆ ಹೊಂದಿಸಿಕೊಂಡೆ. ‘ಒಂದು ತಪ್ಪು ತಿಳಿವಳಿಕಿ ಆಗ್ಯಾದ್ರಿ’ ಎಂದು ಶುರು ಮಾಡಿದೆ, ಅದು ಸುಳ್ಳಿನ ವಾಸನೆ ಹೊಡೆಯಿತು. ‘ಆಫೀಸಿನ ಕಡಿಂದ ಆದ ಚೂಕ’ ಎಂದೆ, ಆಫೀಸಿಗೆ ಬಾಯಿ ಇರುವುದಿಲ್ಲ. ಪಕ್ಕದ ಸೀಟಿನವನು ‘ಯಾರ ಜೊತಿ ಮಾತಾಡ್ಲಾಕತ್ತೀರಿ ಅಜ್ಜಾರ?’ ಎಂದು ಕೇಳಿ, ಸ್ವಲ್ಪ ದೂರ ಸರಿದು ಕುಳಿತ.

ಮಾಸ್ತರರ ಮನೆಯ ಪಡಸಾಲೆಯಲ್ಲಿ ಕಮಿಟಿಯ ನಾಲ್ಕೈದು ಜನ ಗಂಡಸರು ಕುರ್ಚಿಯ ಮೇಲೆ ಕುಳಿತಿದ್ದರು. ಮಾಸ್ತರರ ತಾಯಿ ಮೂಲೆಯ ಹೊರಸಿನ ಮೇಲೆ ಮೊರದಲ್ಲಿ ಬೇಳೆ ಆರಿಸುತ್ತಿದ್ದರು. ಹುಡುಗಿ ಬಾಗಿಲಿನ ಹತ್ತಿರ, ತೊಡೆಯ ಮೇಲೆ ನಕ್ಷೆ ಇಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ‘ಬರ್ರಿ ಸಾಹೇಬ್ರ’ ಎಂದಳು. ಅಷ್ಟೇ.

ನಾನು ನಿಂತುಕೊಂಡೇ ಹೇಳಿದೆ. ‘ಆಕಿ ಮರತಿಲ್ರಿ. ಸಂಡಾಸ ಆಕಿ ಪ್ಲಾನಿನಾಗ ಬರದಿದ್ಲು. ತಗಸಿದಾಂವ ನಾನು. ಮಾಲಕ್ರು ಕೇಳಿದ್ರು, ನಾ ಹೂಂ ಅಂದೆ. ಆಮ್ಯಾಲ ಹೆಸರು ಆಕಿದು ಹೇಳ್ದೆ.’

ಕಮಿಟಿಯ ಒಬ್ಬ ಕಂತ್ರಾಟದಾರ ನಗುತ್ತ ಎದ್ದು ನನ್ನ ಕೈ ಹಿಡಿದ. ‘ಸಾಹೇಬ್ರ, ನಿಮ್ಮ ದೊಡ್ಡ ಮನಸ್ಸು. ನಿಮ್ಮ ಕೈಯಾಗ ಕಲತ ಹುಡುಗಿ ಅಂತ ಆಕಿ ತಪ್ಪು ನಿಮ್ಮ ತಲಿ ಮ್ಯಾಲ ಹೊರಲಾಕತ್ತೀರಿ.’

‘ಇಲ್ರಿ, ಖರೇ ಹೇಳ್ತೀನಿ, ನಾನು…’

‘ಬಿಡ್ರಿ ಸಾಹೇಬ್ರ. ಗುರು ಅಂದ್ರ ಹಿಂಗಿರಬೇಕು.’

ಮಾಸ್ತರರೂ ತಲೆದೂಗಿದರು. ನಾನು ಹೇಳಿದಷ್ಟೂ ದೊಡ್ಡವನಾಗುತ್ತ ಹೋದೆ. ಆಣೆ ಮಾಡಿದೆ, ಇನ್ನಷ್ಟು ದೊಡ್ಡವನಾದೆ. ಜೀವನವಿಡೀ ಸುಳ್ಳನ್ನು ನಂಬಿಸಿದ ಬಾಯಿ ಒಂದು ನಿಜವನ್ನು ನಂಬಿಸಲಾಗದೆ ಒಣಗಿತು. ಆಕೆಯ ಹಾಸ್ಟೆಲ್ ನನ್ನ ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು.

ಆಗ ಹುಡುಗಿ ಎದ್ದು ನಿಂತಳು.

‘ಮಾಸ್ತರ್ರ, ಸಾಹೇಬ್ರಿಗಿ ಒಂದು ಕೇಳ್ಲಾ? ಆ ಹಾಲಿನ ಪ್ಲಾನ್ ತಮ್ದು ಅಂತ ಅವ್ರು ರುಮಾಲ ಸುತ್ತಿಸಿಕೊಂಡಾರ. ಮೊದಲನೇ ಪ್ಲಾನಿನಾಗ ಒಂದು ಸಂದಿ ಇತ್ತು. ಅದು ಯಾಕ ತಿರುಗಿತ್ತು, ಹೇಳ್ಲಿ.’

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಇನ್ನೂ ಗೊತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ನಾನು ಅದನ್ನು ಕೇಳಿ ತಿಳಿದುಕೊಂಡಿರಲಿಲ್ಲ.

‘ಅದು… ಡಿಸೈನ್ ಅದ್ರಿ’ ಎಂದೆ.

ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರು ನಗಲಿಲ್ಲ. ಮೇಷ್ಟರಾಗಿದ್ದವರು, ಓದಿಕೊಂಡು ಬಾರದ ಹುಡುಗನ ಮುಖ ಅವರಿಗೆ ಹೊಸದಲ್ಲ. ಗೋಡೆಯ ಗೂಡಿನಿಂದ ಒಂದು ಚಾಕ್‌ಪೀಸು ತೆಗೆದು ನನ್ನ ಕೈಗೆ ಕೊಟ್ಟರು. ‘ಬರದು ತೋರಸ್ರಿ. ಮದುಮಗಳ ಕೋಣಿ ಎಲ್ಲಿತ್ತು? ಸಂದಿ ಎಲ್ಲಿಂದ ಎಲ್ಲಿಗಿ?’

ನಾನು ಫರಸಿ ಕಲ್ಲಿನ ನೆಲದ ಮೇಲೆ ಮೊಣಕಾಲೂರಿದೆ. ಉದ್ದನೆಯ ಚೌಕ ಎಳೆದೆ. ಕೈ ನಡುಗಲಿಲ್ಲ, ಗೆರೆ ಬಹಳ ನೆಟ್ಟಗೆ ಬಂತು. ಮುಂದೆ ಏನು ಎಳೆಯಬೇಕೋ ತಿಳಿಯಲಿಲ್ಲ. ಕೆಳಗೆ ಕಾಣುವುದಕ್ಕೆ ಯಾರ ಗೆರೆಯೂ ಇರಲಿಲ್ಲ. ಹುಡುಗಿ ಬಂದು ನನ್ನ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು ಪಕ್ಕದಲ್ಲಿ ಕುಳಿತು ಎಳೆಯುತ್ತ ಹೋದಳು. ಜೊತೆಗೆ ಮಾತಾಡುತ್ತ ಹೋದಳು. ಆಕೆ ನಾಲ್ಕು ಜನರ ಮುಂದೆ ತನ್ನ ನಕ್ಷೆಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ಇಲ್ಲಿ ಗಂಡಸ್ರು ಊಟಕ್ಕ ಕುಂದರ್ತಾರ. ಸಂದಿ ನೆಟ್ಟಗ ಇಟ್ರ ಇಲ್ಲಿಂದ ಆ ಬಾಗಲಾ ಕಾಣ್ತದ. ಯಾರು ಒಳಗ ಹೋದ್ರು, ಯಾರು ಹೊರಗ ಬಂದ್ರು ಎಲ್ಲಾ ಕಾಣ್ತದ. ಹಂಗ ಕಂಡ್ರ ಹೆಣ್ಮಕ್ಕಳು ಹೋಗಂಗಿಲ್ರಿ. ನೀರ ಕುಡಿಯೂದೇ ಬಿಡ್ತಾರ. ಒಂದು ಸರ್ತಿ ತಿರುಗಿಸಿದ್ರ ಬಾಗಲಾ ಮರೆ ಆಗ್ತದ. ಅಷ್ಟೇ. ಇದಕ್ಕ ಡಿಸೈನ್ ಅಂತಾರೋ ಏನಂತಾರೋ, ನಮ್ಮವ್ವ ಸೀರಿ ಅಡ್ಡ ಕಟ್ಟಿ ಮಾಡ್ತಿದ್ದಿದ್ದು ಇದನ್ನೇ.’

ಮಾಸ್ತರರು ನೆಲದ ಮೇಲಿನ ಗೆರೆಗಳನ್ನು ಬಗ್ಗಿ ನೋಡಿದರು. ‘ಹಂಗಾದ್ರ ಸಾಹೇಬ್ರ, ಗೊತ್ತಿಲ್ಲದ್ದನ್ನ ತಗಸೀರಿ.’

‘ಹೌದ್ರಿ’ ಎಂದೆ. ಈಗ ಯಾರೂ ‘ಬಿಡ್ರಿ’ ಎನ್ನಲಿಲ್ಲ.

ಮೂಲೆಯಿಂದ ಮೊರದ ಸದ್ದು ನಿಂತಿತು. ‘ಏ ತಮ್ಮಾ’ ಎಂದರು ಮಾಸ್ತರರ ತಾಯಿ, ಮಗನಿಗೆ. ‘ಈ ಮನಿ ಕಟ್ಟಿಸಿದಾಗ ನಿಮ್ಮಪ್ಪ ಬಚ್ಚಲಾ ಬೀದಿಗಿ ಮುಖ ಮಾಡಿ ಇಟ್ಟ. ಅವತ್ತಿಂದ ಇವತ್ತಿನ ತನಾ ನಾ ಊರು ಏಳೂದ್ರೊಳಗ ಜಳಕಾ ಮುಗಸಾಕತ್ತೇನಿ. ಯಾಂವರ ನನ್ನ ಒಂದು ಮಾತು ಕೇಳಿದ್ನೇನು? ಆ ಹುಡುಗಿಗಿ ಕೆಲಸ ಕೊಡ್ರಿ, ಸುಮ್ಮನ.’

‘ಯವ್ವಾ, ಕಮಿಟಿ ವಿಚಾರ ಮಾಡ್ತದ.’

‘ನಿಮ್ಮ ಕಮಿಟ್ಯಾಗ ಹಾಸ್ಟೆಲಿನಾಗ ಇರೋರು ಯಾರದೀರಿ ಕೈ ಎತ್ರಿ ನೋಡೂಣು.’

ಹುಡುಗಿ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ‘ಅಮ್ಮಾರು ಹೇಳಿದ್ದೇ ನಾನೂ ಹೇಳಬೇಕಂತ ಬಂದೀನಿ. ಕೆಲಸ ಕೊಟ್ರೂ ನಂದೊಂದು ಮಾತದ. ಕಮಿಟ್ಯಾಗ ಇಬ್ಬರು ಹೆಣ್ಮಕ್ಕಳು ಬೇಕು. ಹುಡುಗೇರ ತಾಯಂದ್ರ ಜೊತಿ ಒಂದು ಸರ್ತಿ ಕುಂತು ಮಾತಾಡದೇ ನಾ ಪಾಯಾ ತೋಡಸಂಗಿಲ್ಲ. ಮತ್ತ ನನ್ನ ಪ್ಲಾನಿನ ಮಾತು ನನ್ನ ಜೊತೀನೇ ಆಗಬೇಕು.’

‘ಕೆಲಸ ಇನ್ನ ಕೊಟ್ಟೇ ಇಲ್ಲ, ಕಂಡೀಷನ್ ಬಂದ್ವಲ್ರಿ’ ಎಂದ ಕಂತ್ರಾಟದಾರ.

‘ಬರ್ಲಿ’ ಎಂದರು ಮಾಸ್ತರರು. ‘ಒಬ್ಬ ಮೆಂಬರ್ ಇಲ್ಲೇ ಹೊರಸಿನ ಮ್ಯಾಲ ಅದಾರ.’

‘ನನಗ ಓದಾಕ ಬರಂಗಿಲ್ಲಪಾ.’

‘ಬೈಲಾಕ ಬರ್ತದಲ್ಲ ಯವ್ವಾ. ಅಷ್ಟು ಸಾಕು.’

ಕೆಲಸ ಆಕೆಗೆ ಆಯಿತು. ನನಗೆ ಯಾರೂ ಚಹಾ ಕೊಡಲಿಲ್ಲ, ಅದೂ ಸರಿಯೇ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಆಕೆಯ ಸ್ಕೂಟಿ ನನ್ನ ಪಕ್ಕಕ್ಕೆ ಬಂದು ನಿಂತಿತು. ‘ಹತ್ರಿ’ ಎನ್ನಲಿಲ್ಲ. ನಾನು ಕೈ ಮುಗಿದೆ. ಮಾಫಿ ಮಾಡು ಎನ್ನುವ ಮಾತು ಬಾಯಿಗೆ ಬಂದಿತ್ತು, ಆಕೆ ಅದು ಹೊರಬೀಳುವ ಮೊದಲೇ ಹೇಳಿದಳು.

‘ಇವತ್ತು ಒಂದು ಪಡಸಾಲ್ಯಾಗ ಹೇಳೀರಿ, ಸಾಹೇಬ್ರ. ಆ ಮಾತು ಎಲ್ಲೆಲ್ಲಿ ಹೋಗ್ಯಾದೋ ಅಲ್ಲೆಲ್ಲಾ ಹೋಗಿ ಹೇಳ್ರಿ. ಹಾಸ್ಟೆಲ್ ಒಂದು ಕಟ್ಟಿ ನಾ ಏನ್ ಮಾಡ್ಲಿ? ಮುಂದಿನ ಮನಿಯವ್ರು ಮತ್ತ ಅದೇ ಕೇಳ್ತಾರ.’

‘ಎಲ್ಲಾ ಕಡೆನಾ?’

‘ಆಡಿದಾಗ ಎಲ್ಲಾ ಕಡೆ ಮುಟ್ಟಿತಲ್ರಿ’ ಎಂದು ಗಾಡಿ ಮುಂದೆ ಬಿಟ್ಟಳು.

ಅಂದಿನಿಂದ ಇದೇ ನನ್ನ ಉದ್ಯೋಗ. ಬಾಯಿ ಇದ್ದವನಿಗೆ ಬೇರೆ ಏನು ಬರುತ್ತದೆ? ಅಫಜಲಪುರದ ಅಡತಿ ಅಂಗಡಿಯಿಂದಲೇ ಶುರು ಮಾಡಿದೆ. ವ್ಯಾಪಾರಿ ‘ಹಳೀ ಮಾತು ಯಾಕ್ರಿ’ ಎಂದರು, ಹಮಾಲರು ಮಾತ್ರ ಚೀಲ ಇಳಿಸಿ ಪೂರ್ತಿ ಕೇಳಿದರು. ಸೊನ್ನದ ಕಡೆ ಒಂದು ಹೋಟೆಲಿನಲ್ಲಿ ಹೇಳಿದೆ, ಸಿಮೆಂಟಿನ ಅಂಗಡಿಗಳಲ್ಲಿ ಹೇಳಿದೆ, ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡದಲ್ಲಿ ಕುಳಿತು ಹೇಳಿದೆ. ಸಂದಿ ಯಾಕೆ ತಿರುಗಿತ್ತು ಎನ್ನುವುದನ್ನು ಈಗ ಚೆನ್ನಾಗಿ ಹೇಳಬಲ್ಲೆ. ಹೇಳುವಾಗ ‘ಇದು ಆಕಿ ಹೇಳಿದ್ದು’ ಎಂದು ಸೇರಿಸುತ್ತೇನೆ. ಆಡುವವರ ಬಾಯಿ ಸುಮ್ಮನಿರುತ್ತದೆಯೇ? ಈಗ ನಾನು ದೂರದಿಂದ ಬರುವುದು ಕಂಡರೆ ‘ಸಂಡಾಸ ಸಾಹೇಬ್ರು ಬಂದ್ರು’ ಎನ್ನುತ್ತಾರೆ. ಇಂಜಿನಿಯರ್ ಎನ್ನುವುದಕ್ಕಿಂತ ಇದು ನಿಜಕ್ಕೆ ಹತ್ತಿರ, ಹಾಗಾಗಿ ತಿದ್ದಲು ಹೋಗುವುದಿಲ್ಲ.

ಆಳಂದವನ್ನು ಮಾತ್ರ ಮುಂದಕ್ಕೆ ಹಾಕುತ್ತ ಬಂದೆ. ಅಲ್ಲಿ ಆಕೆಯ ತಂದೆ ಇದ್ದಾನೆ. ಮಗಳ ಮಾತು ಎದ್ದ ಮೇಲೆ ಜೊತೆಯ ಗೌಂಡಿಗಳು ಅವನನ್ನು ಎಷ್ಟು ಕಾಡಿದರು, ಅವನು ಅವರು ಕೂರುವ ಚಹಾದಂಗಡಿಗೆ ಹೋಗುವುದನ್ನೇ ಹೇಗೆ ಬಿಟ್ಟ ಎಂಬುದನ್ನು ಬೇರೆಯವರಿಂದ ಕೇಳಿದ್ದೆ. ಕೊನೆಗೆ ಹೋದೆ. ಒಂದು ಹೊಸ ಮನೆಯಲ್ಲಿ ಅವನು ಗಿಲಾಯಿ ಮಾಡುತ್ತಿದ್ದ. ನಾನು ಹೇಳುತ್ತ ಹೋದೆ, ಅವನು ಗೋಡೆಯ ಮೇಲೆ ಕೈ ಆಡಿಸುತ್ತ ಹೋದ. ಮುಗಿದ ಮೇಲೆ ನಾನು ಪಕ್ಕದ ಕಟ್ಟೆಗೆ ಕಾಲಿಡಲು ಹೋದೆ.

‘ಅಲ್ಲಿ ನಿಂದರಬ್ಯಾಡ್ರಿ, ಹಸಿ ಅದ’ ಎಂದ.

ಆ ಗೋಡೆ ಮುಗಿಸಿದ. ಆಮೇಲೆ ಕೈ ತೊಳೆದುಕೊಂಡು, ಹೆಗಲಿನ ಟವೆಲಿನಿಂದ ಮುಖ ಒರೆಸಿಕೊಂಡು, ‘ಬರ್ರಿ’ ಎಂದು ಮುಂದೆ ನಡೆದ. ಆ ಚಹಾದಂಗಡಿಗೇ ಕರೆದೊಯ್ದ. ಗೌಂಡಿಗಳು, ಬಡಿಗೇರರು, ಬಣ್ಣದವರು ಬೆಂಚಿನ ಮೇಲೆ ಕುಳಿತಿದ್ದರು. ಅವನನ್ನು ಕಂಡು ಒಬ್ಬ ಸರಿದು ಜಾಗ ಕೊಟ್ಟ. ಅವನು ಕುಳಿತು, ನಿಂತೇ ಇದ್ದ ನನ್ನನ್ನು ತೋರಿಸಿ, ‘ಸಾಹೇಬ್ರು ಏನೋ ಹೇಳ್ತಾರಂತ’ ಎಂದ.

ಹೇಳಿದೆ. ಅಡತಿ ಅಂಗಡಿ, ಹೊರಗಿನ ಬಿಸಿಲು, ‘ಸಾಕ್ರಿ’, ರುಮಾಲು, ‘ಗೌಂಡಿ ಮಗಳು’ ಎಂದದ್ದು, ಯಾವುದನ್ನೂ ಬಿಡಲಿಲ್ಲ. ಬೆಂಚಿನ ಮೇಲೆ ಯಾರೂ ನಗಲಿಲ್ಲ. ಆಕೆಯ ತಂದೆ ಕಪ್ಪಿನಿಂದ ಬಸಿಗೆ ಚಹಾ ಹಾಕಿಕೊಂಡು, ಕುಡಿಯದೆ ಹಾಗೇ ಹಿಡಿದು ಕೇಳುತ್ತಿದ್ದ. ನಾನು ಮುಗಿಸುವ ಹೊತ್ತಿಗೆ ಒಬ್ಬ ಸೆಂಟ್ರಿಂಗ್ ಕೆಲಸದವನು ಸೈಕಲ್ ಒರಗಿಸಿ ಒಳಗೆ ಬಂದ. ‘ಏನ್ ನಡದದೋ?’ ಎಂದು ಕೇಳಿದ.

ಗೌಂಡಿ ಬಸಿಯನ್ನು ಕೆಳಗಿಟ್ಟ.

‘ಸಾಹೇಬ್ರ, ಇಂವ ಈಗ ಬಂದ. ಇವಗೂ ಹೇಳ್ರಿ’ ಎಂದ. ‘ಮೊದಲಿಂದ.’

ನಾನು ಮೊದಲಿಂದ ಹೇಳಿದೆ.